ಬಲಗಾಲು ಮುಂದೆ

ಮೇಣ ಸುಳ್ಳು ಹೇಳುವುದಿಲ್ಲ. ಮನುಷ್ಯರು ಹೇಳುತ್ತಾರೆ, ಗಂಡಂದಿರಂತೂ ಹೇಳಿಯೇ ಹೇಳುತ್ತಾರೆ. ಆದರೆ ಕಡಲಲೆಯ ಮೇಲೆ ನಿಂತು ಜಾರುವ ಸರ್ಫ್ ಬೋರ್ಡಿನ ಬೆನ್ನಿಗೆ ತಿಕ್ಕಿದ ಮೇಣ, ಪಾಪ, ತನ್ನ ಮೇಲೆ ಯಾರು ನಿಂತರು, ಹೇಗೆ ನಿಂತರು, ಯಾವ ಕಾಲು ಮುಂದಿತ್ತು ಎಂಬುದನ್ನೆಲ್ಲ ಇದ್ದದ್ದು ಇದ್ದ ಹಾಗೆ ಒಪ್ಪಿಸಿಬಿಡುತ್ತದೆ.

ಅವತ್ತು ಬೆಳಗಿನ ಪಾಠ ಮುಗಿಸಿ ಬಂದು, ಕಲಿಯುವವರ ಸ್ಪಂಜಿನ ಬೋರ್ಡುಗಳನ್ನು ವ್ಯಾನಿನಿಂದ ಇಳಿಸಿ ಶೆಡ್ಡಿನಲ್ಲಿ ಜೋಡಿಸುತ್ತಿದ್ದೆ. ಮೇಲಿನ ಗೂಟಗಳ ಮೇಲೆ ನನ್ನ ಗಂಡನ ಉದ್ದ ಬೋರ್ಡು ಮಲಗಿತ್ತು. ಅದಕ್ಕೆ ಹೊದಿಸಿದ್ದ ಹಳೇ ಬೆಡ್‌ಶೀಟು ಒಂದು ಕಡೆ ಜಾರಿತ್ತು. ಸರಿಮಾಡೋಣವೆಂದು ಸ್ಟೂಲು ಹತ್ತಿದವಳು ಅಲ್ಲೇ ನಿಂತುಬಿಟ್ಟೆ. ಅವನ ಕಿವಿಯ ಆಪರೇಷನ್ನಿಗೆ ಮುಂಚೆ ನಾನೇ ಕೈಯಾರೆ ಹಳೆಯ ಮೇಣವನ್ನೆಲ್ಲ ಕೆರೆದು ತೆಗೆದು, ಕಾಲು ಜಾರದ ಹಾಗೆ ಸಣ್ಣ ಸಣ್ಣ ಗುಳ್ಳೆ ಏಳುವಂತೆ ಹೊಸ ಮೇಣ ತಿಕ್ಕಿ ಇಟ್ಟಿದ್ದೆ. ಈಗ ಆ ಗುಳ್ಳೆಗಳು ಎರಡು ಕಡೆ ಚಪ್ಪಟೆಯಾಗಿದ್ದವು. ನಡುವಿನಲ್ಲಿ ಒಂದು ಹೆಜ್ಜೆ, ಬಾಲದ ಕಡೆಗೆ ಒಂದು ಹೆಜ್ಜೆ. ಎರಡರ ಬೆರಳುಗಳೂ ಎಡಕ್ಕೆ ತಿರುಗಿದ್ದವು.

ನಮ್ಮ ಕಸುಬಿನಲ್ಲಿ ಮನುಷ್ಯರದ್ದು ಎರಡೇ ಜಾತಿ. ಬೋರ್ಡಿನ ಮೇಲೆ ಎಡಗಾಲು ಮುಂದಿಟ್ಟು ನಿಲ್ಲುವವರು, ಬಲಗಾಲು ಮುಂದಿಟ್ಟು ನಿಲ್ಲುವವರು. ಇದು ಹುಟ್ಟಿನಿಂದ ಬಂದದ್ದು, ಎಡಗೈ ಬಲಗೈ ಇದ್ದ ಹಾಗೆ. ಹೊಸಬರು ಬಂದರೆ ಅವರನ್ನು ಕೇಳುವ ಗೋಜಿಗೂ ಹೋಗುವುದಿಲ್ಲ; ಹಿಂದೆ ನಿಂತು, ಹೇಳದೆ ಕೇಳದೆ ಮೆಲ್ಲಗೆ ತಳ್ಳುತ್ತೇವೆ. ಬೀಳದಿರಲು ಯಾವ ಕಾಲು ತಾನಾಗಿ ಮುಂದೆ ಬರುತ್ತದೋ ಅದೇ ಅವರ ಕಾಲು. ನಾನು ಎಡಗಾಲಿನವಳು, ನಿಂತರೆ ನನ್ನ ಬೆರಳು ಬಲಕ್ಕಿರುತ್ತವೆ. ನನ್ನ ಗಂಡ ಬಲಗಾಲಿನವನು. ಅವನ ಬೆರಳು ಎಡಕ್ಕೆ. ಈ ಮನೆಯಲ್ಲಿ ಬೋರ್ಡು ಹತ್ತುವವರು ನಾವಿಬ್ಬರೇ. ಇನ್ನುಳಿದವರು ನನ್ನ ಅತ್ತೆ, ಅವರು ಸಮುದ್ರದ ಕಡೆ ಮುಖ ಮಾಡಿ ಕೂರುವವರೂ ಅಲ್ಲ.

ಗಂಡನ ಬೋರ್ಡಿನ ಮೇಲೆ ಗಂಡ ನಿಂತರೆ ನಿನಗೇನು ಕಷ್ಟ ಎಂದು ಯಾರಾದರೂ ಕೇಳಬಹುದು. ಕಷ್ಟ ಅವನ ಕಿವಿಯದ್ದು. ವರ್ಷಗಟ್ಟಲೆ ತಣ್ಣೀರೂ ತಣ್ಣನೆ ಗಾಳಿಯೂ ಬಡಿದರೆ ಕಿವಿಯ ಒಳಗೆ ಮೂಳೆ ಬೆಳೆಯುತ್ತದೆ. ನಮ್ಮವರಲ್ಲಿ ಬಹಳ ಜನಕ್ಕೆ ಇದು ಬರುತ್ತದೆ. ಅವನ ಎಡಗಿವಿ ಹಾಗೇ ಮುಚ್ಚಿಕೊಂಡು, ಕೀವಾಗಿ, ಎಂದೋ ಹೋಗಿತ್ತು. ಉಳಿದಿದ್ದ ಬಲಗಿವಿಯೂ ಅದೇ ದಾರಿ ಹಿಡಿದಾಗ, ಬೇಡ ಬೇಡವೆಂದವನನ್ನು ನಾನೇ ಕೈಹಿಡಿದು ಎಳೆದುಕೊಂಡು ಹೋಗಿ ಕಿವಿ ಡಾಕ್ಟರ ಮುಂದೆ ಕೂರಿಸಿದೆ. ಅವರು ಮೂಳೆ ಕೊರೆದು ತೆಗೆದರು. "ಗಾಯ ಮಾಯೋವರೆಗೂ ಒಂದೇ ಒಂದು ಹನಿ ನೀರು ಒಳಗೆ ಹೋಗಬಾರದು. ಕೀವಾಯ್ತು ಅಂದ್ರೆ ಈ ಕಿವಿನೂ ಕಳ್ಕೊಂಡ ಹಾಗೇ" ಎಂದು ನನ್ನ ಮುಖ ನೋಡಿ ಹೇಳಿದ್ದರು. ಊತ ಇಳಿದ ಹಾಗೆ ಕೇಳಿಸುವುದು ನಿಧಾನವಾಗಿ ಸರಿಹೋಗುತ್ತದೆ ಎಂದೂ ಹೇಳಿದ್ದರು.

ಇದ್ದ ಒಂದೇ ಕಿವಿ. ಅದನ್ನು ಪಣಕ್ಕಿಟ್ಟು ಈ ಮನುಷ್ಯ ಕದ್ದು ನೀರಿಗಿಳಿಯುತ್ತಿದ್ದಾನೆ!

ಆದರೂ ಒಂದೇ ಸಾಕ್ಷಿ ಹಿಡಿದು ಹಾರಾಡುವವಳಲ್ಲ ನಾನು. ಅನುಮಾನವನ್ನು ಸರಿಯಾಗಿ ಬೇಯಿಸಬೇಕು, ಹಸಿಬಿಸಿ ಬಡಿಸಬಾರದು. ಬೆಡ್‌ಶೀಟನ್ನು ಮೊದಲಿದ್ದ ಹಾಗೇ ಜಾರಿಸಿಟ್ಟು ಕೆಳಗಿಳಿದೆ. ಗೋಡೆಯ ಮೊಳೆಯಲ್ಲಿ ನೀರಿಗಿಳಿಯುವಾಗ ಅವನು ತೊಡುವ ರಬ್ಬರ್ ಸೂಟು ತೂಗುತ್ತಿತ್ತು. ಹೊರಗೆ ಮುಟ್ಟಿದರೆ ಒಣಗಿತ್ತು. ತೋಳು ಮಗುಚಿ ಕಂಕುಳಿಗೆ ಕೈಹಾಕಿದೆ. ತಣ್ಣಗೆ ಒದ್ದೆ.

ಮೇಲಿನ ಮನೆಗೆ ಹೋಗಲು ಹೊರಗಡೆ ಕಬ್ಬಿಣದ ಮೆಟ್ಟಿಲು. ಉಪ್ಪುಗಾಳಿಗೆ ತುಕ್ಕು ಹಿಡಿದು, ಯಾರು ಹತ್ತಿದರೂ ಊರಿಗೆಲ್ಲ ಕೇಳಿಸುವ ಹಾಗೆ ಕಿರುಗುಟ್ಟುತ್ತದೆ. ನಾನು ಬೇಕೆಂದೇ ಕಾಲು ಕುಕ್ಕುತ್ತಾ ಹತ್ತಿದೆ. ಒಳಗೆ ಹೋದರೆ ನನ್ನ ಗಂಡ ಮೇಜಿನ ಮುಂದೆ, ನನ್ನ ಕಡೆ ಬೆನ್ನು ಮಾಡಿಕೊಂಡು, ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. ತಿರುಗಿ ಸಹ ನೋಡಲಿಲ್ಲ. ಕಿವಿಗೆ ಹತ್ತಿ, ಹತ್ತಿಯ ಮೇಲೆ ಉಲ್ಲನ್ ಟೋಪಿ. ನೋಡಿದರೆ ಎಂಥ ವಿಧೇಯ ರೋಗಿ ಅನ್ನಬೇಕು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ನಾನು ಇಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಅತ್ತೆ ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮಿಶನ್ನಿಗೆ ಕೂತು, ಕಲಿಯುವವರ ಹರಿದ ರಬ್ಬರ್ ಸೂಟೊಂದರ ಮೊಣಕಾಲಿಗೆ ತೇಪೆ ಹಾಕುತ್ತಿದ್ದರು. ಅವರು ಊರಿನ ಹಳೆಯ ಟೈಲರ್. ಈಗ ನಮ್ಮ ಶಾಲೆಯ ಸೂಟುಗಳಿಗೆಲ್ಲ ಅವರೇ ವೈದ್ಯರು. ತಾಯಿ ಮಗ ಒಂದೇ ಅಚ್ಚು: ಕುಳ್ಳಗೆ, ಅಗಲಕ್ಕೆ, ಕುತ್ತಿಗೆಯನ್ನು ದೇವರು ಮರೆತುಬಿಟ್ಟ ಹಾಗೆ. "ಆ ನೀರು ನನ್ನ ಮಗನ ಕಿವಿ ತಿಂತು" ಎಂದು ಸಮುದ್ರವನ್ನು ದಿನಕ್ಕೊಮ್ಮೆಯಾದರೂ ಬೈಯದೆ ಅವರಿಗೆ ಊಟ ಸೇರುವುದಿಲ್ಲ.

"ಇವತ್ತು ಬೆಳಗ್ಗೆ ಏನು ಮಾಡಿದ್ರಿ ಇಬ್ಬರೂ?" ಎಂದು ಕೇಳಿದೆ, ಏನೂ ಗೊತ್ತಿಲ್ಲದವಳ ಹಾಗೆ.

ಅತ್ತೆಯ ಮಿಶನ್ನು ನಿಂತಿತು. "ಏನ್ ಮಾಡ್ತೀವಮ್ಮಾ? ಅವನು ಶೆಡ್ಡಲ್ಲಿ ಬೋರ್ಡ್ ಉಜ್ಜಿದ, ನಾನು ಹೊಲಿದೆ."

ನಾನು ಮೇಜನ್ನು ಸುತ್ತಿಬಂದು ಎದುರಿಗೆ ಕೂತಾಗ ಗಂಡ ತಲೆಯೆತ್ತಿ, ನನ್ನ ಬಾಯನ್ನೇ ನೋಡುತ್ತಾ, "ಉಜ್ಜಿದೆ" ಎಂದ. ಮೆಲ್ಲಗೆ, ಗೋಡೆಗೂ ಕೇಳಿಸಬಾರದು ಎನ್ನುವ ಹಾಗೆ. ಕಳ್ಳರ ದನಿ ಹೀಗೇ ಇರುತ್ತದೆ.

ಒಮ್ಮೆ ಅನುಮಾನ ಹೊಕ್ಕಿತೆಂದರೆ ಮನೆಯ ಮೂಲೆ ಮೂಲೆಯೂ ಸಾಕ್ಷಿ ಹೇಳತೊಡಗುತ್ತದೆ. ಬಚ್ಚಲಿನ ಜಾಲರಿಯಲ್ಲಿ ಮರಳು ಕಂಡರೆ, ಅದು ನನ್ನ ಕಾಲಿನದೋ ಅವನ ಕಾಲಿನದೋ ಎಂದು ಬಗ್ಗಿ ನೋಡುತ್ತಿದ್ದೆ. ಮೊದಲು ನಾನು ಒಂದು ಅಂದರೆ ಅವನು ಹತ್ತು ಅನ್ನುತ್ತಿದ್ದ. ಅಲೆ ಎತ್ತ ಮುರಿಯುತ್ತದೆ, ಮೊಟ್ಟೆ ಎಷ್ಟು ಬೇಯಬೇಕು, ವ್ಯಾನು ಎಲ್ಲಿ ನಿಲ್ಲಿಸಬೇಕು, ಎಲ್ಲದಕ್ಕೂ ನಮ್ಮ ಮನೆಯಲ್ಲಿ ಜಗಳ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ, ನಮ್ಮದು ಮಲಗಿದ ಮೇಲೂ ಸ್ವಲ್ಪ ಇರುತ್ತಿತ್ತು. ಈಗ ಏನು ಹೇಳಿದರೂ ತಲೆಯಾಡಿಸಿ "ಸರಿ" ಎನ್ನುತ್ತಿದ್ದ. ತಪ್ಪು ಮಾಡಿದವನ ವಿನಯ! ಪರೀಕ್ಷೆ ಮಾಡೋಣವೆಂದು ಒಂದು ದಿನ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಾ, "ಮೇಷ್ಟ್ರೇ, ನಾನು ಆ ಹಲ್ಲಿನ ಡಾಕ್ಟರ್ ಜೊತೆ ಓಡಿಹೋಗ್ತಾ ಇದ್ದೀನಿ" ಎಂದೆ. ಹಲ್ಲಿನ ಡಾಕ್ಟರು ನಮ್ಮ ಬೆಳಗಿನ ತರಗತಿಯ ಶಿಷ್ಯ.

"ಸರಿ, ಹುಷಾರಾಗಿ ಹೋಗ್ಬಾ" ಎಂದ ನನ್ನ ಗಂಡ.

ಅತ್ತೆಗೆ ಕೆಮ್ಮು ಬಂತು. ನನಗೆ ನಗು ಬರಲಿಲ್ಲ. ಹೆಂಡತಿ ಓಡಿಹೋದರೂ ಪರವಾಗಿಲ್ಲ, ಬೆಳಿಗ್ಗೆ ಮನೆ ಖಾಲಿಯಾದರೆ ಸಾಕು ಎನ್ನುವಷ್ಟು ಅವಸರ ಇವನಿಗೆ ಎಂದುಕೊಂಡೆ.

ಕಿವಿ ಹೇಗಿದೆ ಎಂದು ಕೇಳಿದರೆ "ಮುಕ್ಕಾಲು ಪಾಲು ಕೇಳಿಸ್ತಿದೆ" ಅನ್ನುತ್ತಿದ್ದ. ಫೋನು ಬಂದರೆ ಮಾತ್ರ ತೆಗೆಯುತ್ತಿರಲಿಲ್ಲ; ಮೇಜಿನ ಮೇಲೆ ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿತ್ತು. ಯಾರದ್ದು, ಯಾಕೆ ತೆಗೆಯುತ್ತಿಲ್ಲ? ಡಾಕ್ಟರ ಹತ್ತಿರ ಮತ್ತೆ ತೋರಿಸಲು ಹೋಗಬೇಕಾದಾಗಲೂ, "ನಿನಗೆ ಕ್ಲಾಸ್ ಇದೆ, ಅಮ್ಮ ಬರ್ತಾಳೆ" ಎಂದು ತಾಯಿಯನ್ನು ಕರೆದುಕೊಂಡು ಹೋಗಿದ್ದ. ವಾಪಸು ಬಂದವರು ಇಬ್ಬರೂ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು. "ಏನಂದ್ರು?" ಎಂದು ಕೇಳಿದ್ದಕ್ಕೆ ಅತ್ತೆ, "ಎಲ್ಲಾ ಸರಿಯಾಗಿದೆ ಅಂದ್ರು" ಎಂದು ಸೀದಾ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದ್ದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದರು ಎಂಬುದು ಆಗ ನನ್ನ ತಲೆಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. ಅವರೂ ಇದರಲ್ಲಿ ಶಾಮೀಲು.

ಅದನ್ನು ಪಕ್ಕಾ ಮಾಡಿದವನು ಕಾವಲು ಗೋಪುರದ ಲೈಫ್‌ಗಾರ್ಡ್. ನಮ್ಮ ಶೆಡ್ಡಿನ ಹಿಂದೆ ಒಂದು ಪುಟ್ಟ ಕಡಲತೀರವಿದೆ. ಬಂಡೆಗಳ ಆಚೆ ದೊಡ್ಡ ತೀರ, ನಾನು ಪಾಠ ಮಾಡುವುದು ಅಲ್ಲಿ. ಅವನ ಗೋಪುರ ಬಂಡೆಯ ಮೇಲಿರುವುದರಿಂದ ಎರಡೂ ಕಡೆ ಕಾಣುತ್ತದೆ. ಒಂದು ಬೆಳಿಗ್ಗೆ, ಹಲ್ಲಿನ ಡಾಕ್ಟರು ಅಲೆಯೊಂದಿಗೆ ಮರ್ಯಾದೆ ಕಳೆದುಕೊಳ್ಳುತ್ತಿದ್ದಾಗ, ಲೈಫ್‌ಗಾರ್ಡ್ ಕೆಳಗಿಳಿದು ಬಂದ.

"ಅಕ್ಕಾ, ಮೇಷ್ಟ್ರು ಮತ್ತೆ ನೀರಿಗಿಳಿದ್ರಲ್ಲಾ. ಖುಷಿಯಾಯ್ತು. ಆದ್ರೆ..." ಎಂದು ತಲೆ ಕೆರೆದುಕೊಂಡ.

"ಆದ್ರೆ ಏನು?"

"ತಪ್ಪು ತಿಳ್ಕೋಬೇಡಿ. ಎಲ್ಲಾ ಮರೆತುಬಿಟ್ಟ ಹಾಗಿದೆ. ಮೊದಲನೇ ದಿನದವರ ಥರ ಬೀಳ್ತಿದ್ರು. ನಿಲ್ಲೋದು, ಬೀಳೋದು, ನಿಲ್ಲೋದು, ಬೀಳೋದು. ಅವರು ಹಾಗೆ ಬಿದ್ದಿದ್ದು ನಾನು ಯಾವತ್ತೂ ನೋಡಿಲ್ಲ."

ಮೈಯ ಸಮತೋಲ ಕಾಯುವುದು ಕಿವಿಯ ಒಳಗಿನ ಅಂಗವೇ ಎಂದು ಡಾಕ್ಟರು ಹೇಳಿದ್ದು ನೆನಪಾಯಿತು. ಬೀಳುತ್ತಿದ್ದಾನೆ ಎಂದರೆ ಒಳಗೆ ಏನೋ ಕೆಟ್ಟಿದೆ. ಬಿದ್ದರೆ ತಲೆ ಮುಳುಗುತ್ತದೆ, ತಲೆ ಮುಳುಗಿದರೆ ಹಸಿ ಗಾಯಕ್ಕೆ ಉಪ್ಪುನೀರು. "ಅವನೇ ಅಂತ ಗ್ಯಾರಂಟಿನಾ?"

"ಮೇಷ್ಟ್ರ ಬೋರ್ಡು, ಮೇಷ್ಟ್ರ ಆ ಟೋಪಿ ಸೇರಿರೋ ಕರೀ ಸೂಟು, ಮೇಷ್ಟ್ರ ಮೈಕಟ್ಟು. ಇನ್ಯಾರಿರ್ತಾರೆ? ದಡದಲ್ಲಿ ನಿಮ್ಮತ್ತೆ ಬೇರೆ ನಿಂತಿದ್ರು, ಆ ದೊಡ್ಡ ಬಿಸಿಲು ಟೋಪಿ, ಶಾಲು ಹೊದ್ಕೊಂಡು. ಏನೇನೋ ಕೈ ಆಡಿಸ್ತಿದ್ರು."

ಸರಿ ಹೋಯಿತು. ಮಗ ನೀರಿನಲ್ಲಿ, ತಾಯಿ ದಡದಲ್ಲಿ ಕಾವಲು. ಸಮುದ್ರವನ್ನು ದಿನಾ ಶಪಿಸುವ ಹೆಂಗಸು ಮಗನನ್ನು ಅದರ ಬಾಯಿಗೆ ತಾನೇ ಕಳಿಸಿ, ಸೊಸೆ ಬಂದರೆ ಸನ್ನೆ ಮಾಡಲು ನಿಂತಿದ್ದಾರೆ! ಸಿಟ್ಟಿಗಿಂತ ಹೆಚ್ಚಾಗಿ ಹೊಟ್ಟೆಕಿಚ್ಚಾಯಿತು ಎಂದೇ ಹೇಳಬೇಕು. ಇಷ್ಟು ವರ್ಷ ಒಂದೇ ಅಲೆಗೆ ಜೊತೆಯಾಗಿ ಕೈ ಹೊಡೆದವಳು ನಾನು, ಗುಟ್ಟು ಹಂಚಿಕೊಂಡದ್ದು ತಾಯಿಯ ಜೊತೆ.

ಮರುದಿನ ಶಿಷ್ಯರಿಗೆಲ್ಲ ಅಲೆ ಸರಿಯಿಲ್ಲವೆಂದು ಹೇಳಿ ಬೇಗ ಕಳಿಸಿದೆ. ಅಲೆ ಚೆನ್ನಾಗಿಯೇ ಇತ್ತು. ವ್ಯಾನನ್ನು ದೂರದಲ್ಲಿ ನಿಲ್ಲಿಸಿ, ಬಂಡೆಗಳ ಮೇಲಿನಿಂದ ಹತ್ತಿ ಇಳಿದು, ಮೊಣಕಾಲು ತರಚಿಕೊಂಡು ಪುಟ್ಟ ತೀರಕ್ಕೆ ಬಂದರೆ ಅಲ್ಲಿ ಯಾರೂ ಇರಲಿಲ್ಲ. ಮರಳಿನ ಮೇಲೆ ಬೋರ್ಡು ಎಳೆದ ಗೆರೆ ಮಾತ್ರ ಇತ್ತು. ಗೆರೆ ನೇರ ನಮ್ಮ ಶೆಡ್ಡಿನ ಹಿಂಬಾಗಿಲಿಗೆ ಹೋಗಿತ್ತು. ಅಲೆ ಬಂದು ಅಳಿಸುವಷ್ಟೂ ಹೊತ್ತಾಗಿರಲಿಲ್ಲ, ಅಷ್ಟರಲ್ಲಿ ತಪ್ಪಿಸಿಕೊಂಡಿದ್ದರು.

ಗಂಡ ಶೆಡ್ಡಿನಲ್ಲಿ, ಮುರಿದ ಬೋರ್ಡೊಂದರ ಮೂತಿಗೆ ಅಂಟು ಬಳಿಯುತ್ತಿದ್ದ. ನಾನು ಹಿಂಬಾಗಿಲಿನಿಂದ ನುಗ್ಗಿದವಳೇ ಶುರು ಮಾಡಿದೆ. "ನಾಚಿಕೆ ಆಗಲ್ವಾ? ಇರೋದೊಂದು ಕಿವಿ. ಅದನ್ನೂ ಸಮುದ್ರಕ್ಕೆ ದಾನ ಮಾಡ್ತೀಯಾ? ನಾನು ಯಾರಿಗೋಸ್ಕರ ಬೆಳಗಾದ್ರೆ ಒಬ್ಬಳೇ ಒದ್ದಾಡ್ತಿರೋದು?" ಅವನು ಕುಂಚ ಆಡಿಸುತ್ತಲೇ ಇದ್ದ. "ಏಯ್! ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತಲ್ಲ ನನ್ನ ಬಾಳು!" ಎಂದು ಕಿರುಚಿ ಅವನ ಭುಜ ಹಿಡಿದು ತಿರುಗಿಸಿದೆ.

ಅವನು ಬೆಚ್ಚಿಬಿದ್ದ. ಅಂಟಿನ ಡಬ್ಬ ಉರುಳಿತು. ನನ್ನ ಮುಖ ನೋಡಿ, "ಏನಾಯ್ತು?" ಎಂದ.

"ನೀರಿಗೆ ಇಳಿದಿದ್ಯಾ?"

ಅವನು ನನ್ನ ಬಾಯಿ ನೋಡಿದ, ಕಣ್ಣು ನೋಡಿದ. "ಇಲ್ಲ" ಎಂದ. "ನಿನ್ನಾಣೆ ಇಲ್ಲ ಕಣೇ." ಹೇಳಿ ತಾನೇ ಟೋಪಿ ತೆಗೆದು, ಹತ್ತಿ ತೆಗೆದು, ಕಿವಿಯನ್ನು ನನ್ನ ಕಡೆ ತಿರುಗಿಸಿ ನಿಂತ.

ಫೋನಿನ ಬೆಳಕು ಬಿಟ್ಟು ನೋಡಿದೆ. ಒಳಗೆ ತಿಳಿಗೆಂಪು ಚರ್ಮ, ಒಣಗಿದ ಹತ್ತಿಯ ಒಂದೆಳೆ. ಕೂದಲನ್ನೂ ಮುಟ್ಟಿದೆ. ಒಂದು ಹನಿ ಒದ್ದೆಯಿಲ್ಲ. ಹಾಗಾದರೆ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಂಡು ಇಳಿಯುತ್ತಿದ್ದಾನೆ, ಬಂದ ತಕ್ಷಣ ಒರೆಸಿಕೊಳ್ಳುತ್ತಾನೆ. ನನ್ನಾಣೆಯನ್ನೂ ಸುಳ್ಳಿಗೆ ಇಟ್ಟನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅವನು ನನ್ನ ಕೆನ್ನೆ ಮುಟ್ಟಲು ಬಂದ. ಕೈಯೆಲ್ಲ ಅಂಟು. "ಮುಟ್ಟಬೇಡ" ಎಂದು ಮೆಟ್ಟಿಲು ಹತ್ತಿ ಮೇಲೆ ಹೋದೆ. ಕೆಳಗೆ ಬೋರ್ಡು ಉಜ್ಜುವ ಮಿಶನ್ನು ಶುರುವಾದ ಸದ್ದು ಕೇಳಿಸಿತು.

ಮೇಲೆ ಅತ್ತೆ ಸ್ನಾನ ಮುಗಿಸಿ, ತಲೆಗೆ ಟವೆಲು ಸುತ್ತಿಕೊಂಡು, ಆಲೂಗಡ್ಡೆ ಹೆಚ್ಚುತ್ತಿದ್ದರು. ಇವತ್ತು ಇವರ ಬಾಯಿಂದಲೇ ಹೊರಡಿಸುತ್ತೇನೆ ಎಂದು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತೆ.

"ಅತ್ತೆ, ಬೆಳಗ್ಗೆ ಎಲ್ಲಿಗೆ ಹೋಗಿದ್ರಿ?"

"ನಾನೆಲ್ಲಿಗೆ ಹೋಗಲಿ? ನನ್ನ ಮಂಡಿ ನನ್ನ ಮಾತು ಕೇಳುತ್ತಾ?" ಎನ್ನುತ್ತಾ ಅವರು ಕೆಳಗಿನ ಗೂಡಿನಿಂದ ಬಾಣಲೆ ತೆಗೆಯಲು ಬಗ್ಗಿದರು.

ಬಗ್ಗಿದ್ದೇ ತಡ, ಅವರ ಮೂಗಿನಿಂದ ನೀರು ಸುರಿಯಿತು. ಹನಿ ಹನಿಯಲ್ಲ, ನಲ್ಲಿ ತಿರುಗಿಸಿದ ಹಾಗೆ, ಬಳಬಳನೆ, ಬಾಣಲೆಯೊಳಕ್ಕೆ.

ಇಬ್ಬರೂ ಬಾಣಲೆ ನೋಡಿದೆವು.

ಬೇರೆ ಯಾರಾದರೂ ಆಗಿದ್ದರೆ ಶೀತ ಎಂದುಕೊಂಡು ಸುಮ್ಮನಾಗುತ್ತಿದ್ದರು. ನಾನು ಸುಮ್ಮನಾಗುವುದು ಹೇಗೆ? ಅಲೆಗೆ ಸಿಕ್ಕಿ ತಲೆಕೆಳಗಾದವರ ಮೂಗಿನ ಒಳಗೆಲ್ಲೋ ಸಮುದ್ರದ ನೀರು ಹೋಗಿ ಕೂತಿರುತ್ತದೆ. ಬಹಳ ಹೊತ್ತು ಗುಟ್ಟಾಗಿದ್ದು, ಬಗ್ಗಿದ ಗಳಿಗೆಯಲ್ಲಿ ಎಲ್ಲರೆದುರು ಮಾನ ಕಳೆಯುತ್ತದೆ. ನನಗೆ ಬ್ಯಾಂಕಿನಲ್ಲಿ ಸಹಿ ಹಾಕುವಾಗ ಆಗಿದೆ. ನನ್ನ ಗಂಡನಿಗೆ ನಮ್ಮ ಮದುವೆಯ ದಿನವೇ ಆಗಿತ್ತು, ನನ್ನ ದೊಡ್ಡಪ್ಪನ ಹೊಸ ಶೂಗಳ ಮೇಲೆ. ಅಲೆಯಲ್ಲಿ ಉರುಳದವರ ಮೂಗು ಹೀಗೆ ಸುರಿಯುವುದಿಲ್ಲ.

"ಶೀತ" ಎಂದರು ಅತ್ತೆ, ಟವೆಲಿನಿಂದ ಮೂಗೊರೆಸುತ್ತಾ.

"ಹೂಂ, ಉಪ್ಪುಪ್ಪು ಶೀತ."

ಅವರು ಮುಖ ತಿರುಗಿಸಿ ಬಾಣಲೆ ತೊಳೆಯಲು ಸಿಂಕಿನ ಕಡೆ ಹೋದರು. ನಾನು ಹಿಂದಿನಿಂದ ಹೋಗಿ, ಎರಡೂ ಅಂಗೈ ಅವರ ಬೆನ್ನಿಗಿಟ್ಟು ತಳ್ಳಿಬಿಟ್ಟೆ. ಅತ್ತೆಯನ್ನು ಹಿಂದಿನಿಂದ ತಳ್ಳಿದ ಸೊಸೆ ಎಂದು ಊರೆಲ್ಲ ಆಡಿಕೊಂಡರೂ ಆಡಿಕೊಳ್ಳಲಿ. ಅವರು "ಅಯ್ಯೋ!" ಎನ್ನುತ್ತಾ ಮುಗ್ಗರಿಸಿ, ಬೀಳದೆ ನಿಂತರು. ಬಲಗಾಲು ಮುಂದೆ. ಮೊಣಕಾಲು ಸ್ವಲ್ಪ ಬಗ್ಗಿತ್ತು, ಎರಡು ಕೈಗಳೂ ಅಗಲಕ್ಕೆ ಚಾಚಿದ್ದವು, ಬಲಗೈಯಲ್ಲಿ ಬಾಣಲೆ. ಚೆನ್ನಾಗಿ ಕಲಿಸಿದವರ ಶಿಷ್ಯೆ ಎಂದು ನೋಡಿದರೇ ಗೊತ್ತಾಗುತ್ತಿತ್ತು.

ನನಗೆ ನಗು ಉಕ್ಕಿ ಬಂತು. ಎಷ್ಟೋ ದಿನದಿಂದ ಎದೆಯ ಮೇಲಿದ್ದ ಬಂಡೆ ಒಮ್ಮೆಗೇ ಉರುಳಿ ಹೋಯಿತು. ನೀರಿನಲ್ಲಿದ್ದದ್ದು ಅವನಲ್ಲ! ಟೋಪಿ ಸೇರಿದ ಸೂಟಿನೊಳಗೆ ಇವರು, ದಡದಲ್ಲಿ ಗಾಳಿ ತಾಗದಿರಲೆಂದು ಇವರ ಬಿಸಿಲು ಟೋಪಿ, ಶಾಲು ಹೊದ್ದು ನಿಂತವನು ಅವನು. ಅವನ ಕಿವಿಗೆ ಹನಿ ನೀರೂ ಬಿದ್ದಿಲ್ಲ, ನನ್ನಾಣೆಗೆ ಅವನು ಸುಳ್ಳೂ ಹೇಳಿಲ್ಲ. "ಈ ವಯಸ್ಸಲ್ಲಿ ಏನತ್ತೆ ಇದು? ಹೇಳಿದ್ರೆ ನಾನೇ ಕಲಿಸ್ತಿರಲಿಲ್ವಾ?" ಎಂದು ನಗುತ್ತಾ ಅವರ ಕೈ ಹಿಡಿದುಕೊಂಡೆ.

ಅತ್ತೆ ನಗಲಿಲ್ಲ. ಬಾಣಲೆ ಕೆಳಗಿಟ್ಟು, ಕುರ್ಚಿ ಎಳೆದುಕೊಂಡು ಕೂತರು.

"ಕಲಿಯೋಕೆ ಹೋಗಿದ್ದು ನಾನಲ್ಲಮ್ಮಾ" ಎಂದರು. "ಅವನು."

"ಅಂದ್ರೆ?"

"ಕಿವಿ ಇಲ್ಲದೆ ಕಲಿಸಕ್ಕಾಗುತ್ತಾ ಅಂತ ನೋಡ್ಕೊಳ್ತಾ ಇದ್ದಾನೆ. ಬರೀ ಕೈಸನ್ನೆಯಲ್ಲಿ. ಅಲೆ ಬಂತು, ಕೈ ಹೊಡಿ, ಏಳು, ಎಲ್ಲದಕ್ಕೂ ಒಂದೊಂದು ಸನ್ನೆ. ಬಾಯಿ ಮುಚ್ಕೊಂಡಿರೋ ಶಿಷ್ಯರು ಬೇಕಿತ್ತು. ನಾನೇ ಸಿಕ್ಕಿದೆ. ಅಮ್ಮಂಗೆ ಕಲಿಸಿಬಿಟ್ರೆ ಲೋಕಕ್ಕೇ ಕಲಿಸಬಹುದು ಅಂತಾನೆ."

"ಊತ ಇಳೀಲಿ ಅತ್ತೆ. ಇಳಿದ ಮೇಲೆ ಕೇಳಿಸುತ್ತಲ್ಲ..."

"ಊತ ಇಳಿದು ಎಷ್ಟು ದಿನ ಆಯ್ತೋ." ಅವರು ನನ್ನ ಕೈಯನ್ನು ಬಿಡಲಿಲ್ಲ. "ನಾನು ಅವನ ಜೊತೆ ಹೋಗಿದ್ನಲ್ಲ, ಅವತ್ತು ಡಾಕ್ಟರು ಗಾಜಿನ ರೂಮಲ್ಲಿ ಕೂರಿಸಿ ಮಿಶನ್ ಇಟ್ಟು ನೋಡಿದ್ರು. ಕೇಳಿಸಿದ್ರೆ ಗುಂಡಿ ಒತ್ತು ಅಂದ್ರು. ನಾನು ಹೊರಗಡೆ ನಿಂತು ನೋಡ್ತಾನೇ ಇದ್ದೆ. ಅವನು ಒತ್ತಲೇ ಇಲ್ಲ. ಮೂಳೆ ಕೊರೆಯುವಾಗ ಎಲ್ಲೋ ಅಪರೂಪಕ್ಕೆ ಒಬ್ಬರಿಗೆ ಒಳಗಿನ ನರ ಹೋಗಿಬಿಡುತ್ತಂತೆ. ಯಾರ ತಪ್ಪೂ ಅಲ್ಲವಂತೆ. ಇನ್ನು ಬರಲ್ಲ ಅಂದ್ರು."

ಹೊರಗೆ ಯಾರದೋ ಸೈಕಲ್ಲಿನ ಗಂಟೆ ಹೊಡೆಯಿತು. ಕೆಳಗೆ ಮಿಶನ್ನು ನಿಂತಿತ್ತು. ನನಗೆ ಮೊದಲು ನೆನಪಾದದ್ದು ಆ ಹಾಳು ಗಾದೆ. ಶೆಡ್ಡಿನಲ್ಲಿ ಅವನ ಬೆನ್ನಿಗೆ ಕಿರುಚಿದ್ದು.

"ನನಗ್ಯಾಕೆ ಹೇಳಲಿಲ್ಲ?" ನನ್ನ ದನಿ ನನ್ನದೇ ಅನ್ನಿಸಲಿಲ್ಲ.

"ಆಪರೇಷನ್ ಬೇಡ ಅಂತಿದ್ದ. ಎಳ್ಕೊಂಡು ಹೋದವಳು ನೀನು. ಇದು ನಿನ್ನ ತಲೆ ಮೇಲೆ ಬರಬಾರದು, ನಾನೇ ಸಮಯ ನೋಡಿ ಹೇಳ್ತೀನಿ ಅಂದ. ನನ್ನ ಹತ್ತಿರ ಭಾಷೆ ತಗೊಂಡ." ಅವರು ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಆ ಹಾಳು ನೀರಿಗೆ ಕಾಲಿಡಲ್ಲ ಅಂತಿದ್ದೆ ನಾನು. ಕೈ ಮುಗಿದ ಕಣಮ್ಮಾ ಅವನು. ಏನು ಮಾಡಲಿ?"

ಮೆಟ್ಟಿಲು ಇಳಿದದ್ದು ನನಗೆ ನೆನಪಿಲ್ಲ. ಅದು ಎಂದಿನಂತೆ ಊರಿಗೆಲ್ಲ ಕೇಳಿಸುವ ಹಾಗೆ ಕಿರುಗುಟ್ಟಿರಬೇಕು. ಶೆಡ್ಡಿನಲ್ಲಿ ನನ್ನ ಗಂಡ ಬಾಗಿಲಿಗೆ ಬೆನ್ನು ಮಾಡಿ, ಬೋರ್ಡಿನ ಮೇಲಿನ ಬಿಳಿ ಪುಡಿಯನ್ನು ಬ್ರಷ್ಷಿನಿಂದ ತೆಗೆಯುತ್ತಿದ್ದ. ಅವನನ್ನು ಕರೆದೆ. ಇನ್ನೂ ಜೋರಾಗಿ ಕರೆದೆ. ಅಂಗೈ ತಟ್ಟಿದೆ. ಬ್ರಷ್ಷು ತನ್ನ ಪಾಡಿಗೆ ತಾನು ಮೂತಿಯಿಂದ ಬಾಲಕ್ಕೆ ಹೋಗುತ್ತಿತ್ತು. ಇಷ್ಟು ದಿನ ಈ ಬೆನ್ನನ್ನು ಸೊಕ್ಕು ಎಂದುಕೊಂಡಿದ್ದೆ, ಕಳ್ಳತನ ಎಂದುಕೊಂಡಿದ್ದೆ. ಆಪರೇಷನ್ನಿನ ಹಿಂದಿನ ದಿನ ಅವನಿಗೆ ಏನು ಹೇಳಿ ಒಪ್ಪಿಸಿದ್ದೆ? ನೆನಪು ಮಾಡಿಕೊಳ್ಳಲು ಧೈರ್ಯವಾಗಲಿಲ್ಲ.

ನಾನು ಬೋರ್ಡನ್ನು ಸುತ್ತಿ ಅವನ ಎದುರಿಗೆ ಹೋಗಿ ನಿಂತೆ. ಅವನು ತಲೆಯೆತ್ತಿದ. ನಗಲು ಹೊರಟಿದ್ದವನು ನನ್ನ ಮುಖ ನೋಡಿ ಬ್ರಷ್ಷು ಕೆಳಗಿಟ್ಟ.

"ಅಮ್ಮ ಹೇಳಿದ್ಲಾ?"

ಹೂಂ ಎಂದು ತಲೆಯಾಡಿಸಿದೆ.

"ಹೇಳ್ಬೇಕು ಅಂತ ದಿನಾ ಅಂದ್ಕೋತಿದ್ದೆ." ದನಿ ಅದೇ ಪಿಸುದನಿ. ತನ್ನ ದನಿ ತನಗೇ ಕೇಳಿಸದವನು ಎಷ್ಟೆಂದು ಅಳೆದು ಮಾತಾಡಿಯಾನು? "ನಿನಗೆ ಅನುಮಾನ ಬಂತು ಅಂತ ನನಗೆ ಅವತ್ತೇ ಗೊತ್ತಾಯ್ತು. ನೀನು ದಿನಾ ಮುಖ ಊದಿಸ್ಕೊಂಡು ಬಂದು ಬೈತಿದ್ದೆ. ಏನು ಬೈತಿದ್ದೆ ಅಂತ ಗೊತ್ತಾಗ್ತಿರಲಿಲ್ಲ, ಬೈತಿದ್ದೀಯ ಅಂತ ಗೊತ್ತಾಗ್ತಿತ್ತು. ಅದೊಂದು ಮಾತ್ರ ಮೊದಲಿನ ಥರಾನೇ ಇತ್ತು ಕಣೇ." ಅವನು ಅಂಟು ಮೆತ್ತಿದ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡ. "ಹೇಳಿಬಿಟ್ರೆ ನೀನು ಬೈಯಲ್ಲ. ಎಲ್ಲರ ಥರ ಮೆತ್ತಗಾಗಿಬಿಡ್ತೀಯ. ಪಾಪ ಅಂತೀಯ. ಅದನ್ನ ನೋಡೋ ಶಕ್ತಿ ಇರಲಿಲ್ಲ ನನಗೆ."

ನನ್ನ ಬಾಯಲ್ಲಿ ಬಂದೇಬಿಟ್ಟಿತ್ತು, ಪಾಪ ಎನ್ನುವ ಮಾತು. ನಾನು ಅದನ್ನು ನುಂಗಿಕೊಂಡೆ. ನುಂಗಿದ ಮೇಲೆ ಸಿಟ್ಟು ಬಂತು, ನಿಜವಾದ ಸಿಟ್ಟು, ಸುಟ್ಟುಬಿಡುವಂಥದ್ದು.

"ಲೋ, ಕಳ್ಳ ನನ್ಮಗನೇ" ಎಂದು ಶುರು ಮಾಡಿದೆ. "ಯಾರೋ ನೀನು ತೀರ್ಮಾನ ಮಾಡೋಕೆ, ನನ್ನ ತಲೆ ಮೇಲೆ ಏನು ಬರಬೇಕು, ಏನು ಬರಬಾರದು ಅಂತ? ಅಷ್ಟು ದೊಡ್ಡ ಕಷ್ಟಾನ ಒಬ್ಬನೇ ಇಟ್ಕೊಂಡು ಬೆಣ್ಣೆ ಸವರ್ತಾ ಕೂತಿದ್ಯಲ್ಲೋ! ವಯಸ್ಸಾದ ತಾಯಿನ ಅಲೆಗೆ ಎಸೀತೀಯ, ಹೆಂಡತಿ ಓಡಿಹೋಗ್ತೀನಿ ಅಂದ್ರೆ ಹುಷಾರಾಗಿ ಹೋಗ್ಬಾ ಅಂತೀಯ..." ಮಾತು ನಿಲ್ಲಲಿಲ್ಲ, ಅಳುವೂ ನಿಲ್ಲಲಿಲ್ಲ. ಎರಡೂ ಒಂದರ ಮೇಲೊಂದು ಬಿದ್ದು, ಏನು ಹೇಳುತ್ತಿದ್ದೇನೆಂದು ನನಗೇ ಗೊತ್ತಾಗದ ಹಾಗಾಯಿತು.

ಅವನು ಒಂದು ಹೆಜ್ಜೆ ಹತ್ತಿರ ಬಂದ. ತಲೆಯನ್ನು ಸ್ವಲ್ಪ ವಾಲಿಸಿ, ನನ್ನ ತುಟಿಗಳನ್ನೇ, ಪರೀಕ್ಷೆಗೆ ಕೂತವನ ಹಾಗೆ ನೋಡುತ್ತಿದ್ದ.

"ಅಳ್ತಾ ಬೈದ್ರೆ ಒಂದು ಅಕ್ಷರಾನೂ ಗೊತ್ತಾಗಲ್ಲ ಕಣೇ" ಎಂದ. "ಮುಖ ಒರೆಸ್ಕೊಂಡು, ನಿಧಾನಕ್ಕೆ ಬೈ."

ನಾನು ತೋಳಿನಿಂದ ಮುಖ ಒರೆಸಿಕೊಂಡು ಮೊದಲಿನಿಂದ ಶುರು ಮಾಡಿದೆ.